ಉದ್ಘಾಟನೆಗೆ ಮೊದಲು ಒಡೆದ ಬೀಗ

ನಾನು ವಾರಪತ್ರಿಕೆಯೊಂದಕ್ಕೆ ರಾಜಕೀಯ ಅಂಕಣ ಬರೆಯಲು ಶುರು ಮಾಡಿದಾಗ, ಅದನ್ನು ಬರೆಯುವವರು ಯಾರೋ ನಿವೃತ್ತ ಅಮಲ್ದಾರರೇ ಇರಬೇಕು ಎಂದು ದಾವಣಗೆರೆಯ ಮಂಡಿಗಳಲ್ಲಿ ಮಾತಾಡಿಕೊಳ್ಳುತ್ತಿದ್ದರಂತೆ. ಅಂಕಣದಲ್ಲಿ ಬರೆದವರ ಹೆಸರಿರಲಿಲ್ಲ. ಸರ್ಕಾರದ ಒಳಗಿನ ವ್ಯವಹಾರ ಇಷ್ಟು ತಿಳಿದವನು ಕಚೇರಿಯ ಕುರ್ಚಿಯಲ್ಲಿ ಕೂತು ತಲೆ ನರೆತ ಗಂಡಸೇ ಆಗಿರಬೇಕೆಂಬುದು ಅವರ ಊಹೆ. ನನಗೆ ಆಗ ಮೂವತ್ತೂ ತುಂಬಿರಲಿಲ್ಲ. ಕುರ್ಚಿಯಲ್ಲಿ ಕೂತವಳೂ ಅಲ್ಲ. ಹರಿಹರದ ಸುತ್ತಿನ ಹಳ್ಳಿಗಳಲ್ಲಿ ಗ್ರಾಮಸೇವಿಕೆಯಾಗಿ ಕಾಲು ಸವೆಸಿದವಳು.

ನಮ್ಮದು ಚೌಕಿಪೇಟೆಯಲ್ಲಿ ಅರಳೆ ದಲಾಲಿ ಮಾಡುವ ಮನೆತನ. ಮೆಟ್ರಿಕ್ ಮುಗಿದ ಕೂಡಲೇ ನನ್ನ ಮದುವೆಯಾಯಿತು. ವಿಷಮಜ್ವರ ಬಂದು ಗಂಡ ತೀರಿಕೊಂಡಾಗ ಮಕ್ಕಳಿರಲಿಲ್ಲ. ಅಪ್ಪ ಮೊದಲೇ ಹೋಗಿದ್ದರಿಂದ ಅಣ್ಣನ ಮನೆಗೆ ಬಂದೆ. ಅಣ್ಣ ಕೆಟ್ಟವನಲ್ಲ. ಊಟಕ್ಕೆ, ಬಟ್ಟೆಗೆ ಯಾವತ್ತೂ ಒಂದು ಮಾತು ಆಡಿದವನಲ್ಲ. ಆದರೆ ಆ ಮನೆಯಲ್ಲಿ ಬೆಳಗಾದರೆ ನಾನು ಮಾಡಬೇಕಾದ್ದು ಏನೂ ಇರಲಿಲ್ಲ. ಸರ್ಕಾರದವರು ಹಳ್ಳಿಗಳ ಅಭಿವೃದ್ಧಿಗೆಂದು ಓದಿದ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದಾರೆ ಎಂದು ಗೊತ್ತಾದಾಗ ನಾನೇ ಹೋಗಿ ಅರ್ಜಿ ಹಾಕಿದೆ.

"ಊರೂರು ತಿರುಗೋ ನೌಕರಿ ನಮ್ಮ ಮನಿ ಹೆಣ್ಮಕ್ಕಳಿಗೆ ಬ್ಯಾಡ," ಎಂದ ಅಣ್ಣ.

"ಮತ್ತ ಮನ್ಯಾಗ ಕುಂತು ಏನು ಮಾಡ್ಲಿ, ಹೇಳು," ಎಂದೆ.

ನಾನು ತರಬೇತಿಗೆ ಹೊರಟ ದಿನ ಅವನೇ ಸ್ಟೇಷನ್ನಿನವರೆಗೆ ಬಂದು ಪೆಟ್ಟಿಗೆ ಹತ್ತಿಸಿ, ರೈಲು ಹೊರಡುವ ಮೊದಲೇ ತಿರುಗಿ ಹೋದ.

ಹರಿಹರದ ಹತ್ತಿರ ಸಾರಥಿ ಎಂಬ ಊರಲ್ಲಿ ಒಂದು ಕೋಣೆ ಬಾಡಿಗೆ ಹಿಡಿದೆ. ಅಲ್ಲಿಂದ ಸುತ್ತಿನ ಊರುಗಳಿಗೆ ನಡೆದು ಹೋಗಿ ಬರುವುದು. ಬಾಲವಾಡಿ ನಡೆಸುವುದು, ಮಕ್ಕಳಿಗೆ ಹಾಲಿನ ಪುಡಿ ಕದಡಿ ಕೊಡುವುದು, ಹೆಂಗಸರಿಗೆ ಹೊಲಿಗೆ ಕಲಿಸುವುದು, ಹೊಗೆಯಿಲ್ಲದ ಒಲೆ ಹಾಕಿಸುವುದು ನನ್ನ ಕೆಲಸ. ಸರ್ಕಾರ ಹೇಗೆ ನಡೆಯುತ್ತದೆ ಎಂಬುದನ್ನು ನಾನು ಮೊದಲು ಕಲಿತದ್ದು ಆ ಒಲೆಗಳಿಂದಲೇ. ಆ ಒಲೆಯ ಬಾಯಿ ಅನ್ನದ ಪಾತ್ರೆಗೆ ಸರಿಯಾಗಿತ್ತು, ನಮ್ಮ ಕಡೆಯ ಜೋಳದ ರೊಟ್ಟಿ ಹಂಚು ಅದರ ಮೇಲೆ ಕೂಡುತ್ತಿರಲಿಲ್ಲ. ತನಿಖೆಯವರು ಬರುವ ದಿನ ಹೆಂಗಸರು ಒಲೆಗೆ ಸುಣ್ಣ ಬಳಿದು ರಂಗೋಲಿ ಹಾಕಿ ತೋರಿಸುತ್ತಿದ್ದರು. ಜೀಪು ಊರು ದಾಟಿದ ಮೇಲೆ ಹಿತ್ತಿಲಿನ ಹಳೆ ಒಲೆಗೆ ಉರಿ ಹಾಕುತ್ತಿದ್ದರು. ನಾನು ಇದನ್ನು ವರದಿಯಲ್ಲಿ ಬರೆದರೆ ಮೇಲಿನವರು ಆ ಸಾಲು ತೆಗೆದು ಮುಂದೆ ಕಳಿಸುತ್ತಿದ್ದರು. ನಮ್ಮ ಬಿ.ಡಿ.ಓ. ಸಾಹೇಬರು ಮೆತ್ತನೆಯ ಮನುಷ್ಯ. "ನೀವು ಬರೆದದ್ದು ಖರೇ ಐತ್ರಿ. ಆದ್ರೆ ಖರೇನ ಮೇಲಕ್ಕೆ ಕಳಿಸಾಕೆ ಜಾಗ ಇಲ್ಲ," ಎಂದು ನಗುತ್ತಿದ್ದರು.

ನನ್ನ ವ್ಯಾಪ್ತಿಯಲ್ಲೇ ಇದ್ದ ಒಂದು ಊರಲ್ಲಿ ಹೆರಿಗೆ ಕೇಂದ್ರ ಕಟ್ಟಿಸಿದರು. ಆ ಊರಿನ ಹೆಸರು ಬೇಡ. ಊರವರು ಕಲ್ಲು, ಮಣ್ಣು ಹೊತ್ತು ಶ್ರಮದಾನ ಮಾಡಿದ್ದರು. ಹಂಚಿನ ಮಾಡು, ಬಿಳಿ ಗೋಡೆ, ಬಾಗಿಲಿಗೆ ಹಸಿರು ಬಣ್ಣ. ಬೇಸಿಗೆಯಲ್ಲಿ ಕಟ್ಟಡ ಮುಗಿಯಿತು. ಆದರೆ ಮಂತ್ರಿಗಳು ಬಂದು ಬಾಗಿಲು ತೆರೆಯಬೇಕು, ಅಲ್ಲಿಯವರೆಗೆ ಯಾರೂ ಒಳಗೆ ಹೋಗಕೂಡದು ಎಂದು ಆ ಊರಿನ ಗೌಡರು ಬೀಗ ಹಾಕಿಸಿದರು. ಗೌಡರು ಆ ಭಾಗದ ದೊಡ್ಡ ಮುಖಂಡರು. ಕಟ್ಟಡ ಮಂಜೂರು ಮಾಡಿಸಿದವರೂ ಅವರೇ. ಮಂತ್ರಿಗಳ ಪ್ರವಾಸ ಒಮ್ಮೆ ನಿಗದಿಯಾಗಿ ರದ್ದಾಯಿತು, ಮತ್ತೆ ನಿಗದಿಯಾಗಿ ಮತ್ತೆ ರದ್ದಾಯಿತು. ಮಳೆಗಾಲ ಬಂತು. ಕೇಂದ್ರಕ್ಕೆಂದು ನೇಮಕವಾದ ನರ್ಸಮ್ಮ ವಾರಕ್ಕೊಮ್ಮೆ ಹರಿಹರದಿಂದ ಬಂದು, ಬೀಗ ಹಾಕಿದ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು ಗರ್ಭಿಣಿಯರನ್ನು ನೋಡಿ ಹೋಗುತ್ತಿದ್ದಳು.

ಆಷಾಢದಲ್ಲಿ ಅಂಥ ಒಂದು ದಿನ ನಾನೂ ಅದೇ ಊರಲ್ಲಿದ್ದೆ. ಮಧ್ಯಾಹ್ನದ ಹೊತ್ತಿಗೆ ಒಬ್ಬ ರೈತನ ಹೆಂಡತಿಗೆ ಮನೆಯಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ಸೂಲಗಿತ್ತಿ ಮಗುವನ್ನು ತೊಳೆದು ಮಲಗಿಸಿದ ಮೇಲೂ ತಾಯಿಗೆ ರಕ್ತ ನಿಲ್ಲಲಿಲ್ಲ. ನಮ್ಮಿಬ್ಬರನ್ನೂ ಕರೆದರು. ನರ್ಸಮ್ಮ ಒಳಗೆ ಹೋಗಿ ನೋಡಿ ಹೊರಗೆ ಬಂದಳು. ಮೊಣಕೈವರೆಗೆ ಕೆಂಪಾಗಿತ್ತು.

"ಅಕ್ಕೋರೆ, ರಕ್ತ ನಿಲ್ಲೋ ಸೂಜಿ ಒಂದು ಕೊಟ್ರೆ ಉಳೀತಾಳೆ. ನನ್ನ ಚೀಲದಾಗ ಅದು ಇಲ್ಲ. ಕೇಂದ್ರದ ಬೀರುವಿನಾಗ ಇರಬೇಕು. ಕೀಲಿ ತರ್ರಿ."

ನಾನು ಗೌಡರ ಮನೆಗೆ ಓಡಿದೆ. ಅವರು ಪಡಸಾಲೆಯಲ್ಲಿ ಕೂತಿದ್ದರು. ಹೇಳಿದ್ದನ್ನೆಲ್ಲ ಕೇಳಿದರು.

"ಮಂತ್ರಿಗಳು ಬಂದು ದೀಪ ಹಚ್ಚೋ ಮುಂಚೆ ಅಲ್ಲಿ ಒಂದು ಸಾವಾದ್ರೆ ನಾನು ಏನಂತ ಮಾರಿ ತೋರಿಸ್ಲವ್ವ? ನನ್ನ ಎತ್ತು ತಗೊಂಡು ಹೋಗ್ರಿ. ಈ ಸೀಮ್ಯಾಗ ಅಂಥ ಎತ್ತಿಲ್ಲ. ಗಾಡಿ ಕಟ್ಟಿ ಹರಿಹರಕ್ಕೆ ಹೊಡೀರಿ," ಎಂದರು. ಆಳನ್ನು ಕರೆದು ಎತ್ತು ಬಿಚ್ಚಲು ಹೇಳಿಯೂ ಬಿಟ್ಟರು.

"ಸೂಜಿ ಕೊಟ್ಟು ಆಮೇಲೆ ಕಳಿಸೋಣ್ರಿ ಗೌಡ್ರೆ. ಬರೇ ಬಾಗಿಲು ತೆಗೀರಿ."

"ಬ್ಯಾಡ ಅಂದೆ."

ಗಾಡಿ ಕಟ್ಟುವಷ್ಟರಲ್ಲಿ ನಾನು ಕೇಂದ್ರದ ಮುಂದೆ ನಿಂತಿದ್ದೆ. ಏಳೆಂಟು ಗಂಡಸರು ಅಲ್ಲಿದ್ದರು. ಬೀಗ ಒಡೆಯಿರಿ ಎಂದೆ. ಒಬ್ಬರೂ ಮುಂದೆ ಬರಲಿಲ್ಲ. ಅವರಲ್ಲಿ ಒಬ್ಬ ತನ್ನ ಕೈಯಲ್ಲಿದ್ದ ಹಾರೆಯನ್ನು ನೆಲಕ್ಕೆ ಹಾಕಿ ದೂರ ಸರಿದು ನಿಂತ. ನಾನು ಅದನ್ನು ತೆಗೆದುಕೊಂಡೆ. ಎಷ್ಟು ಸಲ ಹೊಡೆದೆನೋ ತಿಳಿಯದು. ಬೀಗ ಗಟ್ಟಿಯಾಗಿತ್ತು, ಚಿಲಕವೇ ಕಿತ್ತು ಬಂತು.

ಒಳಗೆ ಕಬ್ಬಿಣದ ಮಂಚವಿತ್ತು. ಗೋಡೆಗೆ ತೂಗುಹಾಕಲೆಂದು ತಂದ ದೇಶನಾಯಕರ ಪಟಗಳು ಕಾಗದ ಸುತ್ತಿಕೊಂಡು ಮೂಲೆಗೆ ಒರಗಿದ್ದವು. ಬಣ್ಣದ ಕಾಗದದ ಪರಪರಿ ತೋರಣಗಳ ಕಟ್ಟುಗಳಿದ್ದವು. ನರ್ಸಮ್ಮ ಬೀರುವಿನ ಬಾಗಿಲು ಎಳೆದಳು. ಖಾಲಿ. ಒಂದು ಹತ್ತಿಯ ಉಂಡೆ ಕೂಡ ಇರಲಿಲ್ಲ. ಔಷಧಿ, ಸಾಮಾನುಗಳನ್ನೆಲ್ಲ ಉದ್ಘಾಟನೆಯ ದಿನ ಬೇರೆ ಕಡೆಯಿಂದ ಎರವಲು ತಂದು ಜೋಡಿಸಿ, ಸಂಜೆ ವಾಪಸು ಕೊಡುವ ಏರ್ಪಾಡಾಗಿತ್ತೆಂದು ನಮಗೆ ಆಮೇಲೆ ಗೊತ್ತಾಯಿತು. ನರ್ಸಮ್ಮ ಬೀರುವಿನ ಮುಂದೆ ನೆಲದ ಮೇಲೆ ಕೂತುಬಿಟ್ಟಳು.

ಬಾಣಂತಿಯನ್ನು ಗಾಡಿಯಲ್ಲಿ ಮಲಗಿಸಿದೆವು. ಗಂಡನೇ ಗಾಡಿ ಹೊಡೆದ. ಮಗುವನ್ನು ಸೂಲಗಿತ್ತಿಯ ಹತ್ತಿರ ಬಿಟ್ಟು ನರ್ಸಮ್ಮನೂ ನಾನೂ ಹತ್ತಿದೆವು. ನನ್ನ ತೊಡೆಯ ಮೇಲೆ ಅವಳ ತಲೆ. ಎರೆಮಣ್ಣಿನ ದಾರಿ, ಮಳೆ ಬಿದ್ದು ಗಾಲಿಗಳಿಗೆ ಮಣ್ಣು ಸುತ್ತಿಕೊಳ್ಳುತ್ತಿತ್ತು. ಅವನು ಇಳಿದು ಮಣ್ಣು ಕೆರೆಯುವುದು, ಹತ್ತಿ ಹೊಡೆಯುವುದು, ಮತ್ತೆ ಇಳಿಯುವುದು. ಅವಳು ಒಮ್ಮೆ ನೀರು ಕೇಳಿದಳು, ಕೊಟ್ಟೆ. ಮಗು ಹಾಲು ಕುಡಿಯಿತೇ ಎಂದು ಕೇಳಿದಳು, ಕುಡಿಯಿತು ಎಂದೆ. ಆಮೇಲೆ ಅವಳು ಏನನ್ನೂ ಕೇಳಲಿಲ್ಲ.

"ಊರು ಕಾಣ್ತೈತ್ರಿ ಅಕ್ಕೋರೆ, ಇನ್ನೇನು ಬಂತು," ಎಂದ ಅವನು ಮುಂದೆ ನೋಡುತ್ತಲೇ.

"ನಿಲ್ಲಿಸಪ್ಪ," ಎಂದೆ.

ಅವನಿಗೆ ತಿಳಿಯಿತು. ಆದರೂ ಸ್ವಲ್ಪ ದೂರ ಹೊಡೆಯುತ್ತಲೇ ಹೋದ. ಆಮೇಲೆ ನಿಲ್ಲಿಸಿದ.

ಜಿಲ್ಲೆಯಿಂದ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಅದಕ್ಕೂ ಮೊದಲು ನಮ್ಮ ಬಿ.ಡಿ.ಓ. ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು, "ಗಾಬರಿಯಾಗಿ ಒಡೆದೆ ಅನ್ರಿ. ಮಾಫಿ ಕೇಳ್ರಿ. ನೌಕರಿ ಉಳೀತೈತೆ. ನಾನೂ ಒಂದು ಮಾತು ಹೇಳ್ತೀನಿ," ಎಂದರು. ಅವರ ಕಣ್ಣಲ್ಲಿ ನಿಜವಾಗಿಯೂ ಮರುಕವಿತ್ತು.

"ನಾನು ಗಾಬರಿಯಾಗಿರಲಿಲ್ರಿ," ಎಂದೆ.

ಬಂದ ಅಧಿಕಾರಿ ಕೇಳಿದ್ದು ಬೀಗ ಒಡೆದವರು ಯಾರು ಎಂದು. ನಾನು ಎಂದೆ. ಯಾರ ಅಪ್ಪಣೆಯಿಂದ ಎಂದರು. ಯಾರದ್ದೂ ಇಲ್ಲ ಎಂದೆ. ಬೀರು ಖಾಲಿ ಇತ್ತು ಎಂದು ಹೇಳಲು ಹೋದಾಗ ಅವರು ಪೆನ್ನು ಕೆಳಗಿಟ್ಟು, ಅದು ಈ ವಿಚಾರಣೆಗೆ ಸಂಬಂಧಪಟ್ಟದ್ದಲ್ಲ ಎಂದರು. ಊರವರ ಪೈಕಿ ಹೇಳಿಕೆ ಕೊಟ್ಟವರೆಲ್ಲ ಅಕ್ಕೋರು ಬೀಗ ಒಡೆಯುತ್ತಾ ನಿಂತಿದ್ದರಿಂದ ಗಾಡಿ ತಡವಾಯಿತು ಎಂದರು. ಗಾಡಿ ಕಟ್ಟುವ ಹೊತ್ತಿನಲ್ಲೇ ನಾನು ಬೀಗ ಒಡೆದದ್ದು. ಒಂದು ಕ್ಷಣವೂ ತಡವಾಗಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ಅವರು ಗೌಡರ ಹೊಲದಲ್ಲಿ ದುಡಿಯುವವರು ಎಂದು ನನಗೂ ಗೊತ್ತಿತ್ತು. ಅವಳ ಗಂಡ ಮಾತ್ರ ಹೇಳಿಕೆ ಕೊಡಲು ಬರಲೇ ಇಲ್ಲ.

ನನ್ನದು ತಾತ್ಕಾಲಿಕ ನೌಕರಿ, ತೆಗೆಯುವುದು ಕಷ್ಟವಾಗಲಿಲ್ಲ. ನಾನು ಸಾರಥಿಯ ಕೋಣೆ ಬಿಟ್ಟು ದಾವಣಗೆರೆಗೆ ಬಂದ ಸ್ವಲ್ಪ ದಿನಕ್ಕೆ ಮಂತ್ರಿಗಳು ಬಂದು ಬಾಗಿಲು ತೆರೆದರು. ಬೀರು ತುಂಬ ಔಷಧಿ ಇತ್ತಂತೆ.

ಅಣ್ಣನ ಮನೆಯಲ್ಲಿ ಯಾರೂ ನನ್ನನ್ನು ಹಂಗಿಸಲಿಲ್ಲ. ಬೀಗದ ಸುದ್ದಿ ಊರಲ್ಲೆಲ್ಲ ಹರಡಿತ್ತು, ಅದರ ಮಾತು ಎತ್ತದಿರುವುದೇ ಅವರ ಉಪಕಾರ. ಮಂಡಿಪೇಟೆಯ ಹಿಂದೆ ಒಂದು ಸಣ್ಣ ಮುದ್ರಣಾಲಯವಿತ್ತು. ಅಲ್ಲಿಂದ ಒಂದು ವಾರಪತ್ರಿಕೆ ಹೊರಡುತ್ತಿತ್ತು. ಅದರ ಸಂಪಾದಕರು ಸ್ವಾತಂತ್ರ್ಯದ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದವರು, ಉಬ್ಬಸದ ರೋಗಿ. ನಡೆದದ್ದನ್ನು ನಾನು ಬರೆದುಕೊಂಡು ಹೋಗಿ ಅವರ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು.

"ಇದರಾಗೆ ನಿಮ್ಮ ಸಿಟ್ಟು ಬಾಳ ಐತವ್ವ. ಅದನ್ನ ತೆಗೀರಿ. ನಡೆದದ್ದು ಅಷ್ಟೇ ಇರ್ಲಿ. ಸಿಟ್ಟು ಓದೋರಿಗೆ ಬರ್ಬೇಕು," ಎಂದರು.

ಮೂರು ಸಲ ಬರೆಸಿದರು. ಊರು, ಹೆಸರು ಯಾವುದೂ ಇಲ್ಲದೆ ಅದು ಅಚ್ಚಾಯಿತು. ಮುಂದಿನ ವಾರ ಅವರೇ ಹೇಳಿಕಳಿಸಿದರು. "ಒಂದು ಉದ್ಘಾಟನೆ ಹೆಂಗೆ ತಯಾರಾಗ್ತೈತೆ ಅಂತ ಬರೀರಿ. ಒಂದು ಆರ್ಡರು ಮೇಲಿಂದ ಹಳ್ಳಿಗೆ ಬರೋದ್ರಾಗ ಹೆಂಗೆ ಸವೀತೈತೆ ಅಂತ ಬರೀರಿ. ರಾಜಕೀಯ ಅಂದ್ರೆ ಭಾಷಣ ಅಲ್ಲ. ನಿಮಗೆ ಒಳಗಿನದು ಗೊತ್ತೈತೆ."

ಹಾಗೆ ನಾನು ರಾಜಕೀಯ ಬರೆಯುವವಳಾದೆ. ಒಲೆಗಳ ಬಗ್ಗೆ ಬರೆದೆ, ತನಿಖೆಯ ದಿನ ಮಾತ್ರ ನೀರು ಬರುವ ಬಾವಿಯ ಬಗ್ಗೆ ಬರೆದೆ, ಶ್ರಮದಾನದಲ್ಲಿ ಯಾರ ಶ್ರಮ ಯಾರ ದಾನವಾಗುತ್ತದೆ ಎಂದು ಬರೆದೆ. ಬೆಂಗಳೂರಿನಲ್ಲಿ ಮಂತ್ರಿಮಂಡಲ ಬದಲಾದಾಗ, ಅದರಿಂದ ಆನಗೋಡಿನಂಥ ಊರಿನ ಶ್ಯಾನುಭೋಗರ ನಡವಳಿಕೆ ಹೇಗೆ ಬದಲಾಗುತ್ತದೆ ಎಂದು ಬರೆದೆ. ಖಾನಾವಳಿಗಳಲ್ಲಿ ಒಬ್ಬ ಓದಿ ಹತ್ತು ಜನ ಕೇಳುತ್ತಿದ್ದರು. ಕಚೇರಿಗಳ ಗುಮಾಸ್ತರು ಸಂಪಾದಕರ ಬಳಿ ಬಂದು ತಮಗೆ ಗೊತ್ತಿದ್ದದ್ದನ್ನು ಪಿಸುಗುಟ್ಟಿ ಹೋಗುತ್ತಿದ್ದರು. ನಾನು ಪರದೆಯ ಹಿಂದೆ ಪ್ರೂಫ್ ತಿದ್ದುತ್ತಾ ಕೇಳಿಸಿಕೊಳ್ಳುತ್ತಿದ್ದೆ. ನನ್ನ ಬದುಕಿನಲ್ಲಿ ನಾನು ಹಗುರಾಗಿದ್ದ ಕಾಲವೆಂದರೆ ಅದೇ.

ನಂತರ ತಾಲ್ಲೂಕು ಬೋರ್ಡುಗಳ ಚುನಾವಣೆ ಬಂತು. ಗೌಡರು ನಿಂತರು. ಅವರ ಎದುರು ದಾವಣಗೆರೆಯಲ್ಲಿದ್ದ ಒಬ್ಬ ತರುಣ ವಕೀಲರು ನಿಂತರು. ಹೆರಿಗೆ ಕೇಂದ್ರದ ಲೇಖನ ಬರೆದವಳು ನಾನೇ ಎಂಬುದು ಅಷ್ಟರಲ್ಲಿ ತಿಳಿಯಬೇಕಾದವರಿಗೆಲ್ಲ ತಿಳಿದಿತ್ತು. ವಕೀಲರು ಪ್ರತಿ ಸಭೆಯಲ್ಲೂ ಅದನ್ನು ಓದಿಸಿದರು. ಸಾಲದೆಂದು ಮುರಿದ ಒಂದು ಬೀಗವನ್ನು ಹಗ್ಗಕ್ಕೆ ಕಟ್ಟಿ ವೇದಿಕೆಯ ಮೇಲೆ ತೂಗುಹಾಕಿದರು. ಅದು ಆ ಬೀಗವಲ್ಲ, ಸಂತೆಯಲ್ಲಿ ಕೊಂಡದ್ದು. ಆದರೂ ಜನ ಸೇರಿದರು.

ಪ್ರಚಾರ ಜೋರಾಗಿದ್ದಾಗ ಒಂದು ದಿನ ಮುದ್ರಣಾಲಯಕ್ಕೆ ಒಬ್ಬ ರೈತ ಬಂದು ಬಾಗಿಲಲ್ಲೇ ನಿಂತ. ಅವಳ ಗಂಡ. ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ಒಳಗೆ ಕರೆದು ಕೂರಿಸಿದೆ. ಮತ್ತೆ ಮದುವೆಯಾಗಿದ್ದೇನೆ ಎಂದ. ಮಗಳು ಅವಳ ಅಜ್ಜಿಯ ಊರಲ್ಲಿ ಬೆಳೆಯುತ್ತಿದ್ದಾಳೆ, ಈಗ ಸಾಲಿಗೆ ಹೋಗುವ ವಯಸ್ಸು ಹತ್ತಿರ ಬಂದಿದೆ ಎಂದ. ಕೊಟ್ಟ ಚಹಾ ಮುಟ್ಟಲಿಲ್ಲ.

"ಅಕ್ಕೋರೆ, ನೀವು ಅವತ್ತು ಮಾಡಿದ್ದನ್ನ ನಾನು ಮರ್ತಿಲ್ಲ. ಆದ್ರೆ ಆಕಿ ಸುದ್ದಿ ಇನ್ನು ಬರೀಬ್ಯಾಡ್ರಿ."

"ಯಾಕಪ್ಪ? ನಾನು ಸುಳ್ಳು ಬರ್ದೀನೇನು?"

"ಸುಳ್ಳಲ್ರಿ. ಖರೇನ ಬರ್ದೀರಿ. ಆ ವಕೀಲ್ರು ಊರೂರಾಗ ಅದನ್ನ ಒದರ್ತಾರ. ಜನ ನನ್ನ ಮಗಳನ್ನ ಬೀಗದ ಹುಡುಗಿ ಅಂತ ಕರೀತಾರ. ಮೊನ್ನೆ ನನ್ನ ಕೈ ಹಿಡಕೊಂಡು, ಅಪ್ಪಾ ನಮ್ಮವ್ವನ್ನ ಎಲ್ಲಿ ಬೀಗ ಹಾಕಿಟ್ಟಾರೆ ಅಂತ ಕೇಳಿದ್ಳು." ಅವನು ರುಮಾಲು ತೆಗೆದು ಮುಖ ಒರೆಸಿಕೊಂಡ. "ಗೌಡ್ರ ಊರಾಗೇ ನಾನು ಬಾಳ್ವೆ ಮಾಡ್ಬೇಕು. ವಕೀಲ್ರು ಗೆದ್ರೆ ದಾವಣಗೆರಿಗೆ ಹೋಗ್ತಾರೆ. ನಾನು ಎಲ್ಲಿಗೆ ಹೋಗ್ಲಿ?"

ನನಗೆ ಮೊದಲು ಬಂದದ್ದು ಸಿಟ್ಟು. ವಿಚಾರಣೆಯ ದಿನ ನೀನು ಬಂದು ಒಂದು ಮಾತು ಹೇಳಿದ್ದರೆ ಎಂದು ಬಾಯಿಯವರೆಗೆ ಬಂತು. ಹೇಳಲಿಲ್ಲ. ಗಾಡಿ ನಿಲ್ಲಿಸಿದ ಮೇಲೆ ಅವನು ಎತ್ತಿನ ಕೊರಳ ಮೇಲೆ ತಲೆ ಇಟ್ಟು ನಿಂತದ್ದನ್ನು ನಾನು ನೋಡಿದ್ದೆ. ಆ ಲೇಖನ ಬರೆದದ್ದು ತಪ್ಪೆಂದು ನನಗೆ ಆಗಲೂ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ. ಆದರೆ ಅವಳು ಅವನ ಹೆಂಡತಿ. ನನ್ನ ಲೇಖನಕ್ಕಿಂತ ಮೊದಲು ಅವಳು ಯಾರದೋ ಹೆಂಡತಿ, ಯಾರದೋ ಮಗಳು. ಅವಳ ಬಗ್ಗೆ ಇನ್ನು ಬರೆಯುವುದಿಲ್ಲ ಎಂದೆ.

ವಕೀಲರನ್ನು ಕಂಡು ಅವರೂ ನಿಲ್ಲಿಸಬೇಕೆಂದು ಕೇಳಿದೆ. ಅವರು ನನಗೆ ಕುರ್ಚಿ ಕೊಟ್ಟು, ಗೌರವದಿಂದಲೇ ಮಾತಾಡಿದರು.

"ಅಚ್ಚಾದ ಮೇಲೆ ಅದು ನಿಮ್ದಲ್ಲಕ್ಕ, ಜನರದ್ದು. ನಾನು ಗೆದ್ದರೆ ಮೊದಲನೇ ಕೆಲಸ, ಆ ಕೇಂದ್ರಕ್ಕೆ ಖಾಯಂ ನರ್ಸು, ಔಷಧಿ. ಬೇಕಾದ್ರೆ ನೀವೇ ಬಂದು ನೋಡ್ರಿ."

ಅವರು ಗೆದ್ದರು. ಬೀಗ ತೂಗಿದ ವೇದಿಕೆಯ ಮೇಲೆಯೇ ಅವರಿಗೆ ಹಾರ ಹಾಕಿದರು.

ಒಂದು ವರ್ಷ ಬಿಟ್ಟು ನಾನು ಆ ಊರಿಗೆ ಹೋದೆ. ಹಸಿರು ಬಾಗಿಲು ತೆರೆದೇ ಇತ್ತು. ಒಳಗೆ ತಾಲ್ಲೂಕು ಬೋರ್ಡು ತರಿಸಿದ ಗೊಬ್ಬರದ ಚೀಲಗಳನ್ನು ಮಾಡಿನವರೆಗೆ ಪೇರಿಸಿದ್ದರು. ಕಬ್ಬಿಣದ ಮಂಚದ ಮೇಲೆ ಗೋದಾಮಿನ ಕಾವಲುಗಾರ ಮಲಗಿದ್ದ. ನರ್ಸಮ್ಮನಿಗೆ ಬೇರೆ ಜಿಲ್ಲೆಗೆ ವರ್ಗವಾಗಿತ್ತು, ಅವಳ ಜಾಗಕ್ಕೆ ಯಾರೂ ಬಂದಿರಲಿಲ್ಲ. ಹೆರಿಗೆಗೆ ಏನು ಮಾಡುತ್ತೀರಿ ಎಂದು ಅಲ್ಲಿಯ ಹೆಂಗಸರನ್ನು ಕೇಳಿದೆ. ಅವರು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದರು. "ಮನ್ಯಾಗ ಹಡೀತೀವ್ರಿ, ಮತ್ತೆಲ್ಲಿ?" ಎಂದಳು ಒಬ್ಬಳು.

ಸತ್ತವಳ ಮಾತು ಎತ್ತದೆ, ನಾನು ಕಂಡ ಗೋದಾಮಿನ ಬಗ್ಗೆ ಮಾತ್ರ ಬರೆದೆ. ಗೊಬ್ಬರ ಬಂದದ್ದು ಒಳ್ಳೆಯದೇ, ಅದನ್ನು ಇಡಲು ಬೇರೆ ಮನೆ ಸಿಗಲಿಲ್ಲವೇ ಎಂದು ಕೇಳಿದೆ. ಸಂಪಾದಕರು ಅದನ್ನು ಎರಡು ಸಲ ಓದಿದರು. ಆಗ ಅವರ ಪತ್ರಿಕೆ ಬದುಕಿದ್ದದ್ದೇ ಸರ್ಕಾರಿ ಪ್ರಕಟಣೆಗಳಿಂದ, ಬೋರ್ಡಿನ ಅಚ್ಚಿನ ಕೆಲಸದಿಂದ.

"ಹಾಕ್ಲೇನವ್ವ?" ಎಂದರು.

"ನಿಮ್ಮ ಪೇಪರ್ರಿ. ನೀವು ಹೇಳ್ರಿ," ಎಂದೆ.

ಅವರು ಅಚ್ಚಿನ ಮೊಳೆ ಜೋಡಿಸುವವನನ್ನು ಕರೆದು ಹಾಳೆ ಕೊಟ್ಟರು. ಒಂದು ಪದವನ್ನೂ ತಿದ್ದಿರಲಿಲ್ಲ.

ವಕೀಲರು ತಾವೇ ಬಂದರು. ಈ ಸಲ ಕೂರಲಿಲ್ಲ. "ಗೌಡ್ರ ಮೇಲೆ ಬರೆದಾಗ ನೀವು ಸತ್ಯವಂತರು ಅಂದ್ಕೊಂಡಿದ್ದೆ. ಈಗ ಗೊತ್ತಾಯ್ತು, ನಿಮಗೆ ಯಾರು ಕುರ್ಚಿ ಮ್ಯಾಲೆ ಕುಂತ್ರೂ ಆಗಂಗಿಲ್ಲ," ಎಂದರು. ಸಂಪಾದಕರ ಕಡೆ ತಿರುಗಿ, "ದೊಡ್ಡವರು ನೀವು. ಜೈಲು ಕಂಡವರು. ನಿಮಗೆ ಇದು ಬೇಕಿತ್ತಾ?" ಎಂದು ಕೇಳಿ ಹೋದರು.

ಬೋರ್ಡಿನ ಕೆಲಸ ನಿಂತಿತು. ಪ್ರಕಟಣೆಗಳೂ ಒಂದೊಂದಾಗಿ ನಿಂತವು. ಮಂಡಿಯ ಸಾಹುಕಾರರು ಜಾಹೀರಾತು ಕೇಳಲು ಹೋದ ಪತ್ರಿಕೆಯ ಹುಡುಗನನ್ನು ನಾಳೆ ಬಾ ಎಂದು ಕಳಿಸತೊಡಗಿದರು. ಅವರಲ್ಲಿ ನನ್ನ ಅಣ್ಣನೂ ಒಬ್ಬ. ಪತ್ರಿಕೆ ವಾರಕ್ಕೊಮ್ಮೆ ಇದ್ದದ್ದು ಹದಿನೈದು ದಿನಕ್ಕಾಯಿತು, ಆಮೇಲೆ ಬಂದಾಗ ಬಂತು. ಸಂಪಾದಕರ ಉಬ್ಬಸ ಹೆಚ್ಚಿತು. ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ನಾನು ಹೋದರೆ, "ಈ ವಾರ ಏನು ಬರೆದ್ರಿ?" ಎಂದು ಕೇಳುವುದು ಬಿಡಲಿಲ್ಲ. ಬರೆದದ್ದನ್ನು ಓದಿ ಹೇಳುತ್ತಿದ್ದೆ. ಅಚ್ಚಾಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡೇ, "ಎರಡನೇ ಸಾಲು ತೆಗೀರಿ," ಎನ್ನುತ್ತಿದ್ದರು.

ಚಳಿಗಾಲದಲ್ಲಿ ತೀರಿಕೊಂಡರು. ಮಣ್ಣಿಗೆ ವಕೀಲರೂ ಬಂದಿದ್ದರು, ಗೌಡರೂ ಬಂದಿದ್ದರು. ಇಬ್ಬರೂ ದೊಡ್ಡ ಹಾರ ತಂದಿದ್ದರು. ಸ್ವಾತಂತ್ರ್ಯ ಹೋರಾಟಗಾರರ ಬಗ್ಗೆ ಇಬ್ಬರೂ ಮಾತಾಡಿದರು. ಆಮೇಲೆ ಸಂಪಾದಕರ ಮಗ ಅಚ್ಚಿನ ಯಂತ್ರ ಮಾರಿ ಆ ಜಾಗದಲ್ಲಿ ಮೆಣಸಿನಕಾಯಿ ಮಂಡಿ ಇಟ್ಟ.

ನಾನು ಹುಬ್ಬಳ್ಳಿಯ ಒಂದು ಪತ್ರಿಕೆಗೆ ಬರೆದು ಕಳಿಸಿದೆ. ಅವರು ಹಾಕುತ್ತೇವೆ, ಆದರೆ ಬರೆದವರ ಹೆಸರು ಬೇಕು ಎಂದರು. ಹೆಸರು ಕೊಟ್ಟೆ. ಅದು ಅಚ್ಚಾಗಿ ಬಂದ ದಿನ ಅಣ್ಣ ಅಂಗಡಿಯಿಂದ ಬೇಗ ಬಂದ. ಕೈಕಾಲು ತೊಳೆದು, ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡ ಮೇಲೆ ನನ್ನನ್ನು ಕರೆದ.

"ಅಂಗಡ್ಯಾಗ ನಾಕು ಜನ ಕೇಳಿದ್ರು. ನಾನು ಓದಿಲ್ಲ ಅಂದೆ. ಓದಿದ್ದೆ." ಎಲೆಯಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಬರಿ. ಬರೀಬ್ಯಾಡ ಅನ್ನಾಕೆ ನಾನು ಯಾರು? ಆದ್ರೆ ಈ ಮನಿ ವಿಳಾಸ ಕೊಟ್ಟು ಬರೀಬ್ಯಾಡ. ಮಕ್ಕಳು ಮರಿ ಅದಾವೆ ನನಗೂ."

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹತ್ತಿ ಗಿರಣಿಯ ಕೂಲಿಗಳಿರುವ ಓಣಿಯಲ್ಲಿ ಒಂದು ಕೋಣೆ ಹಿಡಿದೆ. ಅತ್ತಿಗೆ ಒಂದು ಮೂಟೆ ಜೋಳ, ಒಂದು ಹಂಚು, ಎರಡು ಕೌದಿ ಕಳಿಸಿಕೊಟ್ಟಳು. ಹಗಲು ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಟ್ಟು ಹೊಟ್ಟೆ ಹೊರೆದುಕೊಂಡೆ. ಉಳಿದ ಹೊತ್ತಿನಲ್ಲಿ ಬರೆದೆ.

ಆ ಹೊತ್ತಿಗೆ ಮಳೆ ಕೈಕೊಟ್ಟು ಕಾಳಿಗೆ ಹಾಹಾಕಾರ ಎದ್ದಿತ್ತು. ಪರದೇಶದ ಕೆಂಪು ಜೋಳ ರೇಷನ್ ಅಂಗಡಿಗೆ ಬರುತ್ತಿತ್ತು. ನಮ್ಮ ಓಣಿಯ ಹೆಂಗಸರು ಬೆಳಕು ಹರಿಯುವುದರೊಳಗೆ ಸಾಲು ನಿಲ್ಲುತ್ತಿದ್ದರು. ಪುಢಾರಿಗಳ ಭಾಷಣ ಕೇಳಲು ನಾನು ಹೋಗುವುದನ್ನು ಬಿಟ್ಟೆ. ಚೀಲ ಹಿಡಿದು ಆ ಸಾಲಿನಲ್ಲಿ ನಿಂತೆ. ನನ್ನ ಮುಂದೆ ನಿಂತ ಮುದುಕಿ, "ಇವತ್ತು ನಮ್ಮ ತನಕ ಬರ್ತೈತೇನವ್ವ?" ಎಂದು ಕೇಳಿದಳು. ಬರುತ್ತದೆ ಎಂದು ಹೇಳಲು ನನಗೆ ಧೈರ್ಯವಾಗಲಿಲ್ಲ. ಗೊತ್ತಿಲ್ಲ ಎಂದೆ. ಅವಳು ತಲೆಯಾಡಿಸಿ ಮುಂದಕ್ಕೆ ತಿರುಗಿ ನಿಂತಳು. ಆ ವಾರ ಅವಳ ಬಗ್ಗೆ ಬರೆದೆ.